ಚಳಿಗಾಲದ ಒಣ ಮುಖಕ್ಕೆ ಕುಸುಬಿ ಎಣ್ಣೆಯ ಸೀರಮ್: ಮನೆಯಲ್ಲೇ ಮಾಡಿಕೊಳ್ಳುವ ಬಗೆ

ದೀಪಾವಳಿ ಮುಗಿದು ಎರಡು ವಾರ ಕಳೆಯುವಷ್ಟರಲ್ಲಿ ನಮ್ಮ ಕಡೆ ಗಾಳಿಯ ಗುಣವೇ ಬದಲಾಗುತ್ತದೆ. ಮಹಾರಾಷ್ಟ್ರದ ಅಕ್ಕಲಕೋಟ ತಾಲ್ಲೂಕಿನ ದುಧನಿ, ಮೈಂದರ್ಗಿಯವರಿಗೆ, ಆ ಕಡೆ ಜತ್ತದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೆಳಗ್ಗೆ ಥಂಡಿ, ಹೊತ್ತೇರಿದರೆ ಒಣ ಬಿಸಿಲು. ಗಾಳಿಯಲ್ಲಿ ಪಸೆಯೇ ಇರುವುದಿಲ್ಲ. ಒಗೆದು ಹಾಕಿದ ದಪ್ಪ ಚಾದರ ಕೂಡ ಮಧ್ಯಾಹ್ನದೊಳಗೆ ಒಣಗುತ್ತದೆ. ಅದೇ ಗಾಳಿ ನಮ್ಮ ಮುಖವನ್ನೂ ಒಣಗಿಸುತ್ತದೆ. ಮುಖ ತೊಳೆದು ಎರಡು ನಿಮಿಷಕ್ಕೆ ಕೆನ್ನೆ ಬಿಗಿಯುತ್ತದೆ. ನಕ್ಕರೆ ತುಟಿ ಒಡೆಯುತ್ತದೆ. ಮೊಣಕಾಲ ಕೆಳಗೆ ಉಗುರಿನಿಂದ ಗೀಚಿದರೆ ಬಿಳಿ ಗೆರೆ ಹಾಗೇ ಉಳಿಯುತ್ತದೆ.

ಆಗ ಬಹಳ ಜನ ಸೊಲ್ಲಾಪುರದಿಂದ ಮುಖಕ್ಕೆ ಕೆಲವೇ ಹನಿ ಹಚ್ಚುವ ಸೀರಮ್‌ನ ಒಂದು ಸಣ್ಣ ಬಾಟಲಿ ತರುತ್ತಾರೆ. ತಂದವರು ಒಮ್ಮೆ ಅದರ ಹಿಂಭಾಗ ಓದಿ ನೋಡಿ. ಪಟ್ಟಿಯಲ್ಲಿ 'ಕಾರ್ಥಮಸ್ ಟಿಂಕ್ಟೋರಿಯಸ್' ಎಂಬ ಹೆಸರು ಕಂಡರೆ ಅದು ನಮ್ಮ ಕುಸುಬಿಯೇ. ಜೋಳದ ಹೊಲದ ಅಂಚಿನಲ್ಲಿ ಮುಳ್ಳುಮುಳ್ಳಾಗಿ, ಹಳದಿ ಹೂ ಬಿಟ್ಟು ನಿಲ್ಲುತ್ತದಲ್ಲ, ಅದೇ ಗಿಡ. ಅದರ ಎಣ್ಣೆಯಿಂದ ಮುಖದ ಸೀರಮ್ ಮಾಡಿಕೊಳ್ಳುವುದನ್ನು ಇಲ್ಲಿ ಹೇಳುತ್ತೇನೆ. ನಾಲ್ಕು ಚಳಿಗಾಲದಿಂದ ಇದನ್ನು ಮಾಡಿ, ಹಚ್ಚಿ, ಮನೆಯವರಿಗೂ ಕೊಟ್ಟಿದ್ದೇನೆ.

ಎಣ್ಣೆಯಿಂದ ನೀರು ಸಿಗುವುದಿಲ್ಲ

ಮೊದಲು ಇದೊಂದನ್ನು ಸರಿಯಾಗಿ ತಿಳಿದುಕೊಳ್ಳಬೇಕು. ಒಣಗಿದ ಚರ್ಮಕ್ಕೆ ಬೇಕಾಗಿರುವುದು ನೀರು. ಎಣ್ಣೆಯಲ್ಲಿ ನೀರಿಲ್ಲ. ಚರ್ಮದಲ್ಲಿರುವ ನೀರು ಆರಿಹೋಗದಂತೆ ತಡೆಯುವುದಷ್ಟೇ ಎಣ್ಣೆಯ ಕೆಲಸ.

ನಮ್ಮ ಹಳೆಯ ಮನೆಗಳ ಗೋಡೆ ನೆನಪಿಸಿಕೊಳ್ಳಿ. ಕಲ್ಲು, ಕಲ್ಲಿನ ನಡುವೆ ಮಣ್ಣು. ಚರ್ಮದ ಹೊರಪದರವೂ ಹಾಗೇ. ಸತ್ತ ಕೋಶಗಳು ಕಲ್ಲುಗಳು. ಅವುಗಳ ನಡುವೆ ಸೆರಮೈಡ್, ಕೊಲೆಸ್ಟರಾಲ್, ಕೊಬ್ಬಿನ ಆಮ್ಲಗಳು ಸೇರಿದ ಜಿಡ್ಡು ಮಣ್ಣಿನಂತೆ ತುಂಬಿರುತ್ತದೆ. ಸುಡುನೀರು, ಖಾರವಾದ ಸಾಬೂನು, ಒಣಗಾಳಿ ಸೇರಿ ಈ ಜಿಡ್ಡನ್ನು ಕಡಿಮೆ ಮಾಡುತ್ತವೆ. ಸಂದು ಬಿಟ್ಟ ಗೋಡೆಯಿಂದ ಒಳಗಿನ ನೀರು ಹಾರಿಹೋಗುತ್ತದೆ. ಉರಿ, ತುರಿಕೆ, ಹೊಟ್ಟು ಏಳುವುದು ಎಲ್ಲ ಇದರಿಂದಲೇ.

ಸೊಲ್ಲಾಪುರದ ಸಿದ್ಧರಾಮೇಶ್ವರ ಜಾತ್ರೆ ಸಂಕ್ರಾಂತಿಯ ಹೊತ್ತಿಗೆ ನಡೆಯುತ್ತದೆ. ಊರಿನ 68 ಲಿಂಗಗಳಿಗೆ ಆಗ ಎಣ್ಣೆ ಮಜ್ಜನವಾಗುತ್ತದೆ. ಮರಾಠಿ ಮಾತಾಡುವವರೂ ಅದನ್ನು 'ಯಣ್ಣಿಮಜ್ಜನ' ಎಂದೇ ಕರೆಯುತ್ತಾರೆ. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ನನಗೆ ಖುಷಿಯಾಗುತ್ತದೆ. ಮನೆಯಲ್ಲಿ ನಾವು ಮಾಡುವ ಅಭ್ಯಂಜನದಲ್ಲಿ ಎಣ್ಣೆ ಮೊದಲು, ನೀರು ಆಮೇಲೆ, ಅಲ್ವಾ? ಮುಖದ ಸೀರಮ್‌ಗೆ ಇದು ಉಲ್ಟಾ. ನೀರು ಮೊದಲು, ಅದು ಆರುವ ಮುಂಚೆ ಎಣ್ಣೆ. ಒಣ ಮುಖಕ್ಕೆ ಎಣ್ಣೆ ಹಚ್ಚಿ "ಏನೂ ಉಪಯೋಗ ಆಗಲಿಲ್ಲ" ಎನ್ನುವವರೇ ಜಾಸ್ತಿ. ಎಷ್ಟೋ ಸಲ ತಪ್ಪು ಎಣ್ಣೆಯದಲ್ಲ, ಹಚ್ಚಿದ ಹೊತ್ತಿನದು.

ಕುಸುಬಿಯೇ ಏಕೆ

ಎಲ್ಲ ಎಣ್ಣೆಗಳೂ ಮುಖಕ್ಕೆ ಒಂದೇ ಅಲ್ಲ. ಎಣ್ಣೆಯಲ್ಲಿರುವ ಎರಡು ಕೊಬ್ಬಿನ ಆಮ್ಲಗಳ ಹೆಸರು ನೆನಪಿಟ್ಟುಕೊಳ್ಳಿ: ಲಿನೋಲಿಕ್ ಆಮ್ಲ ಮತ್ತು ಓಲಿಕ್ ಆಮ್ಲ. ನಮ್ಮ ಚರ್ಮ ತನ್ನ ಸೆರಮೈಡ್ ಕಟ್ಟಿಕೊಳ್ಳಲು ಲಿನೋಲಿಕ್ ಆಮ್ಲವನ್ನು ಬಳಸುತ್ತದೆ. ದೇಹ ಅದನ್ನು ತಾನೇ ತಯಾರಿಸಲಾರದು. ಓಲಿಕ್ ಜಾಸ್ತಿ ಇರುವ ಎಣ್ಣೆ ಮೆತ್ತಗೆ, ದಪ್ಪಗೆ ಅನಿಸುತ್ತದೆ ನಿಜ. ಆದರೆ ಮೊದಲೇ ಸಂದು ಬಿಟ್ಟ ಚರ್ಮದಲ್ಲಿ ಅದು ನಡುವಿನ ಜಿಡ್ಡನ್ನು ಇನ್ನಷ್ಟು ಸಡಿಲ ಮಾಡಬಲ್ಲದು. 2013ರಲ್ಲಿ ಬ್ರಿಟನ್ನಿನ ಸಂಶೋಧಕರು ಇಂಥದ್ದೊಂದು ಪರೀಕ್ಷೆಯ ಫಲಿತಾಂಶ ಪ್ರಕಟಿಸಿದರು. ದೊಡ್ಡವರ ಮುಂಗೈಗೆ ದಿನಕ್ಕೆ ಎರಡು ಸಲ, ಐದು ವಾರ ಆಲಿವ್ ಎಣ್ಣೆ ಹಚ್ಚಿ ನೋಡಿದ್ದರು. ಚರ್ಮದ ತಡೆ ದುರ್ಬಲವಾಗಿತ್ತು, ಸ್ವಲ್ಪ ಕೆಂಪೂ ಆಗಿತ್ತು. ಸೂರ್ಯಕಾಂತಿ ಎಣ್ಣೆ ಹಚ್ಚಿದವರಲ್ಲಿ ಹಾಗಾಗಲಿಲ್ಲ. ಆಲಿವ್‌ನಲ್ಲಿ ಹೆಚ್ಚಿರುವುದು ಓಲಿಕ್, ಸೂರ್ಯಕಾಂತಿಯಲ್ಲಿ ಲಿನೋಲಿಕ್.

ನಮ್ಮ ಸಾಂಪ್ರದಾಯಿಕ ಕುಸುಬಿ ಎಣ್ಣೆಯಲ್ಲಿ ಲಿನೋಲಿಕ್ ಆಮ್ಲ ಶೇ. 70ಕ್ಕಿಂತ ಜಾಸ್ತಿ. ಎಳ್ಳೆಣ್ಣೆಯಲ್ಲಿ ಎರಡೂ ಹೆಚ್ಚು ಕಡಿಮೆ ಸಮ, ಶೇ. 40ರ ಆಸುಪಾಸು. ಬಾದಾಮಿ ಎಣ್ಣೆಯಲ್ಲಿ ಓಲಿಕ್ ಶೇ. 60 ದಾಟುತ್ತದೆ. ಶೇಂಗಾ ಎಣ್ಣೆಯಲ್ಲೂ ಓಲಿಕ್ಕೇ ಮುಂದು. ಕೊಬ್ಬರಿ ಎಣ್ಣೆಯ ದಾರಿಯೇ ಬೇರೆ. ಅದರಲ್ಲಿ ಲಾರಿಕ್ ಆಮ್ಲ ಅರ್ಧದಷ್ಟಿದೆ, 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ಕೈಕಾಲಿಗೆ ಚೆನ್ನಾಗಿದೆ. ಮೊಡವೆ ಏಳುವ ಮುಖಕ್ಕೆ ನಾನು ಬೇಡ ಅನ್ನುತ್ತೇನೆ. ಸಾಸಿವೆ ಎಣ್ಣೆಯನ್ನಂತೂ ಮುಖದ ಹತ್ತಿರ ತರಬೇಡಿ.

ಕುಸುಬಿಗೆ ಒಂದು ದೋಷವಿದೆ. ಲಿನೋಲಿಕ್ ಜಾಸ್ತಿ ಇರುವ ಎಣ್ಣೆ ಬೇಗ ಕಮಟು ಹಿಡಿಯುತ್ತದೆ. ಎಳ್ಳೆಣ್ಣೆ ನೆರವಿಗೆ ಬರುವುದು ಇಲ್ಲೇ. ಅದರಲ್ಲಿ ಸೆಸಮಾಲಿನ್, ಸೆಸಮಾಲ್ ಎಂಬ ಪದಾರ್ಥಗಳಿವೆ. ಎಣ್ಣೆ ಕೆಡುವುದನ್ನು ಇವು ನಿಧಾನ ಮಾಡುತ್ತವೆ. ಸಂಕ್ರಾಂತಿಗೆ ಎಳ್ಳು ಹೇಗೂ ಮನೆಗೆ ಬರುತ್ತದೆ, ಅದರ ಎಣ್ಣೆಯೂ ಬರಲಿ.

ಎಣ್ಣೆ ಆರಿಸುವುದು

ಅರ್ಧ ಕೆಲಸ ಇಲ್ಲೇ ಇದೆ, ಅವಸರ ಮಾಡಬೇಡಿ.

ಕುಸುಬಿ ನಮ್ಮಲ್ಲಿ ಹಿಂಗಾರಿ ಬೆಳೆ. ಎರೆಭೂಮಿಯ ಹಸಿಯಲ್ಲೇ ಬೆಳೆದು ಫೆಬ್ರವರಿ, ಮಾರ್ಚ್‌ನಲ್ಲಿ ಕೊಯ್ಲಿಗೆ ಬರುತ್ತದೆ. ಹಾಗಾಗಿ ಡಿಸೆಂಬರ್‌ನಲ್ಲಿ ನಿಮ್ಮ ಕೈಗೆ ಸಿಗುವುದು ಹೋದ ಹಂಗಾಮಿನ ಕಾಳಿನ ಎಣ್ಣೆ. ಕಾಳು ಹಳೆಯದಾದರೆ ತೊಂದರೆ ಕಡಿಮೆ, ಸಿಪ್ಪೆಯೊಳಗೆ ಎಣ್ಣೆ ಭದ್ರವಾಗಿರುತ್ತದೆ. ಮಾರ್ಚ್‌ನಲ್ಲೇ ಗಾಣ ಆಡಿಸಿ ಡಬ್ಬಿಯಲ್ಲಿ ಇಟ್ಟ ಎಣ್ಣೆ ಮಾತ್ರ ಅಷ್ಟರಲ್ಲಿ ಸೊರಗಿರುತ್ತದೆ. ಗಾಣದವರನ್ನು "ಎಣ್ಣೆ ಇದೆಯಾ" ಎಂದು ಕೇಳಬೇಡಿ. "ಯಾವಾಗ ಹಿಂಡಿದ್ದು" ಎಂದು ಕೇಳಿ. ಈ ವಾರದ್ದಾದರೆ ಕಾಲು ಕಿಲೋ ತನ್ನಿ. ಎಳ್ಳೆಣ್ಣೆಗೂ ಇದೇ ಮಾತು. ಹುರಿದ ಎಳ್ಳಿನದು ಬೇಡ, ಹಸಿ ಎಳ್ಳಿನದೇ ಆಗಲಿ.

ಗಾಣದ ಎಣ್ಣೆಯನ್ನು ಸ್ಟೀಲ್ ಪಾತ್ರೆಯಲ್ಲಿ ಮುಚ್ಚಿ ನಾಲ್ಕೈದು ದಿನ ಅಲುಗಿಸದೆ ಬಿಡಿ. ತಳದಲ್ಲಿ ಗಸಿ ಕೂರುತ್ತದೆ. ಮೇಲಿನ ತಿಳಿಯನ್ನಷ್ಟೇ ಒಣಗಿದ ಕಾಟನ್ ಬಟ್ಟೆಯಲ್ಲಿ ಎರಡು ಸಲ ಸೋಸಿ. ನೀರಿದೆಯೋ ಇಲ್ಲವೋ ತಿಳಿಯಲು ನಾನು ಹೀಗೆ ಮಾಡುತ್ತೇನೆ: ಒಣ ಒಗ್ಗರಣೆ ಸೌಟು ಕಾಯಿಸಿ ಎರಡು ಹನಿ ಎಣ್ಣೆ ಬಿಡುತ್ತೇನೆ. ಸುಮ್ನೆ ಹರಡಿದರೆ ಸರಿ. ಚಟಪಟ ಸಿಡಿದರೆ ಅದರಲ್ಲಿ ನೀರಿದೆ, ಅದು ಅಡಿಗೆಗೆ.

ಗಾಣ ಹತ್ತಿರ ಇಲ್ಲದವರು ಅಂಗಡಿಯ ರಿಫೈನ್ಡ್ ಕುಸುಬಿ ಎಣ್ಣೆಯನ್ನೂ ಬಳಸಬಹುದು. ಅದಕ್ಕೆ ವಾಸನೆ ಕಡಿಮೆ, ಸೂಕ್ಷ್ಮ ಚರ್ಮದವರಿಗೆ ಎಷ್ಟೋ ಸಲ ಅದೇ ಹಿತ. ಆದರೆ ಪ್ಯಾಕೆಟ್ ಮೇಲಿನ ಪೋಷಕಾಂಶದ ಪಟ್ಟಿ ಓದಲೇಬೇಕು. ಪಾಲಿ ಅನ್‌ಸ್ಯಾಚುರೇಟೆಡ್ ಕೊಬ್ಬು 100 ಗ್ರಾಂಗೆ 70 ಗ್ರಾಂ ಆಸುಪಾಸು ಇದ್ದರೆ ಅದು ನಮಗೆ ಬೇಕಾದ ಲಿನೋಲಿಕ್ ಕುಸುಬಿ. ಮೋನೋ ಅನ್‌ಸ್ಯಾಚುರೇಟೆಡ್ ಅಷ್ಟಿದ್ದರೆ ಅದು ಓಲಿಕ್ ಹೆಚ್ಚಿಸಿದ ತಳಿಯದು. ಹೆಸರು ಒಂದೇ, ಗುಣ ಬೇರೆ. ಬೇರೆ ಎಣ್ಣೆ ಬೆರೆಸಿದ್ದೂ ಇರುತ್ತದೆ, ಅದನ್ನೂ ನೋಡಿಕೊಳ್ಳಿ.

ಇನ್ನೆರಡು ಸಾಮಾನು ಹೊರಗಿನಿಂದ ತರಿಸಬೇಕು. ಒಂದು ಸ್ಕ್ವಾಲೇನ್. ನಮ್ಮ ಚರ್ಮದ ಜಿಡ್ಡಿನಲ್ಲೇ ಇರುವ ಸ್ಕ್ವಾಲೀನ್‌ನ ಕೆಡದ ರೂಪ ಇದು. ಆಲಿವ್ ಅಥವಾ ಕಬ್ಬಿನಿಂದ ತಯಾರಾಗುತ್ತದೆ. ನೀರಿನಷ್ಟು ಹಗುರ, ಅಂಟುವುದಿಲ್ಲ. ಇನ್ನೊಂದು ವಿಟಮಿನ್ ಇ. ಇಲ್ಲಿ ಬಹಳ ಜನ ಎಡವುತ್ತಾರೆ, ಮೊದಲ ವರ್ಷ ನಾನೂ ಎಡವಿದ್ದೆ. ಔಷಧಿ ಅಂಗಡಿಯ ಹಸಿರು ಕ್ಯಾಪ್ಸೂಲ್ ಒಡೆದು ಹಾಕಿದ್ದೆ. ಆ ಕ್ಯಾಪ್ಸೂಲ್‌ಗಳಲ್ಲಿ ಸಾಮಾನ್ಯವಾಗಿ ಇರುವುದು ಟೊಕೊಫೆರಿಲ್ ಅಸಿಟೇಟ್. ಬಾಟಲಿಯೊಳಗಿನ ಎಣ್ಣೆ ಕೆಡದಂತೆ ಅದು ಕಾಯುವುದಿಲ್ಲ. ಕಾಯುವುದು 'ಟೊಕೊಫೆರಾಲ್' ಎಂದಷ್ಟೇ ಬರೆದಿರುವುದು. 'ಮಿಕ್ಸ್ಡ್ ಟೊಕೊಫೆರಾಲ್' ಸಿಕ್ಕರೆ ಇನ್ನೂ ಒಳ್ಳೆಯದು.

ಅಳತೆ

ಚಮಚದ ಲೆಕ್ಕ ಬಿಟ್ಟುಬಿಡಿ. ಸೀರಮ್ ಅನ್ನು ತೂಕದಲ್ಲೇ ಮಾಡಬೇಕು. 0.01 ಗ್ರಾಂ ತೋರಿಸುವ ಪುಟ್ಟ ತಕ್ಕಡಿ ದುಬಾರಿಯೇನಲ್ಲ. ಎಣ್ಣೆ ನೀರಿಗಿಂತ ಹಗುರ, 30 ಮಿಲಿ ಬಾಟಲಿ ತುಂಬಿದರೆ ಸುಮಾರು 27 ಗ್ರಾಂ. ಹಾಗಾಗಿ ನನ್ನ ಲೆಕ್ಕವೆಲ್ಲ 25 ಗ್ರಾಂನದು.

ಸಾಧಾರಣ ಒಣ ಚರ್ಮಕ್ಕೆ:
ಕುಸುಬಿ ಎಣ್ಣೆ 15 ಗ್ರಾಂ
ಎಳ್ಳೆಣ್ಣೆ 5 ಗ್ರಾಂ
ಸ್ಕ್ವಾಲೇನ್ 4.75 ಗ್ರಾಂ
ಟೊಕೊಫೆರಾಲ್ 0.25 ಗ್ರಾಂ

ತೀರಾ ಒಣಗಿದ, ಐವತ್ತು ದಾಟಿದವರ ಚರ್ಮಕ್ಕೆ ಸ್ವಲ್ಪ ದಪ್ಪ ಬೇಕು. ನಮ್ಮ ಅವ್ವನಿಗೆ ಮಾಡುವುದು ಇದು: ಕುಸುಬಿ 12 ಗ್ರಾಂ, ಎಳ್ಳು 6, ಬಾದಾಮಿ 5.5, ಔಡಲ ಎಣ್ಣೆ 1.25, ಟೊಕೊಫೆರಾಲ್ 0.25. ಔಡಲ ಇದಕ್ಕಿಂತ ಜಾಸ್ತಿಯಾದರೆ ಮುಖ ಅಂಟಂಟಾಗಿ ಹೊಲದ ಧೂಳೆಲ್ಲ ಮೆತ್ತಿಕೊಳ್ಳುತ್ತದೆ.

ಹಣೆ ಮೂಗು ಜಿಡ್ಡು, ಕೆನ್ನೆ ಮಾತ್ರ ಒಣ ಎನ್ನುವವರು ಎಳ್ಳನ್ನು ಬಿಟ್ಟು ಕುಸುಬಿ 15, ಸ್ಕ್ವಾಲೇನ್ 9.75, ಟೊಕೊಫೆರಾಲ್ 0.25 ಗ್ರಾಂ ಹಾಕಿಕೊಳ್ಳಿ.

ಮೂಗಿನ ಪಕ್ಕ, ಹುಬ್ಬಿನಲ್ಲಿ ಕೆಂಪಾಗಿ ಹೊಟ್ಟು ಏಳುವವರಿಗೆ ಈ ಮೂರೂ ಬೇಡ. ಅದು ಒಣಗಿದ್ದಲ್ಲ, ಬಹುಮಟ್ಟಿಗೆ ತಲೆಹೊಟ್ಟಿನ ಜಾತಿಯದೇ ತೊಂದರೆ. ಅಲ್ಲಿರುವ ಯೀಸ್ಟ್ ಎಣ್ಣೆಯ ಕೊಬ್ಬಿನ ಆಮ್ಲ ತಿಂದೇ ಬೆಳೆಯುತ್ತದೆ. ಅಂಥವರು ಬರೀ ಸ್ಕ್ವಾಲೇನ್ ಹಚ್ಚಬಹುದು, ಚರ್ಮದ ವೈದ್ಯರಿಗೂ ತೋರಿಸಬೇಕು.

ಮಾಡುವ ಕ್ರಮ

ಕಂದು ಬಣ್ಣದ ಗಾಜಿನ ಬಾಟಲಿ ತೆಗೆದುಕೊಳ್ಳಿ. ಹಿಂದಿನ ದಿನವೇ ಬಿಸಿನೀರು, ಸಾಬೂನಿನಲ್ಲಿ ತೊಳೆದು, ಬಾಯಿ ಕೆಳಗೆ ಮಾಡಿ ಶುಭ್ರ ಬಟ್ಟೆಯ ಮೇಲೆ ಇಡಿ. ಡ್ರಾಪರ್‌ನ ರಬ್ಬರ್ ಬಿಚ್ಚಿ ಬೇರೆ ಒಣಗಿಸಿ. ಬಾಟಲಿ ಹೊರಗೆ ಒಣಗಿದಂತೆ ಕಂಡರೂ ರಬ್ಬರ್ ಒಳಗೆ ಒಂದು ಹನಿ ಕೂತಿರುತ್ತದೆ. ಒತ್ತಿ ನೋಡಿ, ಬೆರಳಿಗೆ ತಂಪು ತಾಗಿದರೆ ಇನ್ನೊಂದು ದಿನ ಬಿಡಿ. ಈ ಬಾಟಲಿಯಲ್ಲಿ ಸೂಕ್ಷ್ಮಜೀವಿ ತಡೆಯುವ ಔಷಧ ನಾವು ಹಾಕುತ್ತಿಲ್ಲ. ಹಾಕದೆ ನಡೆಯುವುದು ಒಳಗೆ ನೀರಿಲ್ಲ ಎಂಬ ಒಂದೇ ಕಾರಣಕ್ಕೆ. ವಿಟಮಿನ್ ಇ ಎಣ್ಣೆ ಕಮಟಾಗುವುದನ್ನು ತಡೆಯುತ್ತದೆ, ಬೂಸ್ಟನ್ನು ತಡೆಯುವುದಿಲ್ಲ.

ಕೈ ತೊಳೆದು ಪೂರ್ತಿ ಒರೆಸಿಕೊಳ್ಳಿ. ತಕ್ಕಡಿಯ ಮೇಲೆ ಒಣ ಗಾಜಿನ ಲೋಟ ಇಟ್ಟು ಸೊನ್ನೆಗೆ ತನ್ನಿ. ಮೊದಲು ಟೊಕೊಫೆರಾಲ್ ತೂಗಿ. ಅದು ಜೇನಿನಂತೆ ದಪ್ಪ, ಒಂದು ಹನಿ ಜಾಸ್ತಿ ಬಿದ್ದರೆ ಆಮೇಲೆ ತೆಗೆಯಲಾಗುವುದಿಲ್ಲ. ಮೊದಲೇ ತೂಗಿದರೆ ಹೆಚ್ಚಾದಾಗ ಲೋಟ ಒರೆಸಿ ಮತ್ತೆ ಶುರು ಮಾಡಬಹುದು. ಆಮೇಲೆ ಔಡಲ, ಬಾದಾಮಿ ಇದ್ದರೆ ಅವು, ನಂತರ ಎಳ್ಳು, ಕುಸುಬಿ, ಕೊನೆಗೆ ಸ್ಕ್ವಾಲೇನ್. ಪ್ರತಿ ಸಲ ಸೊನ್ನೆಗೆ ತಂದು ತೂಗಿ. ಗಾಜಿನ ಕಡ್ಡಿಯಿಂದ ಎರಡು ನಿಮಿಷ ನಿಧಾನವಾಗಿ ಕಲಸಿ. ಕಾಯಿಸುವುದು ಬೇಡ. ಲೋಟವನ್ನು ಬೆಳಕಿಗೆ ಹಿಡಿದರೆ ಒಂದೇ ಬಣ್ಣ, ಎಳೆ ಎಳೆ ಕಾಣಬಾರದು. ಬಾಟಲಿಗೆ ತುಂಬಿ, ಚೀಟಿಯಲ್ಲಿ ತಾರೀಖು ಬರೆದು ಅಂಟಿಸಿ. ಮೂರು ತಿಂಗಳಲ್ಲಿ ಮುಗಿಸಬೇಕು.

ಏನು ಬೆರೆಸಬಾರದು

ಎರಡನೇ ಚಳಿಗಾಲದಲ್ಲಿ ನನಗೆ ಉತ್ಸಾಹ ಜಾಸ್ತಿಯಾಗಿತ್ತು. ಹಿತ್ತಲಿನ ಲೋಳೆಸರದ ತಿರುಳು ತೆಗೆದು ಎಣ್ಣೆಗೆ ಹಾಕಿ ಚೆನ್ನಾಗಿ ಕಡೆದೆ. ಹಾಲಿನಂತೆ ಬೆಳ್ಳಗಾಗಿ ಎಷ್ಟು ಚೆಂದ ಕಂಡಿತು! ಮರುದಿನ ತಳದಲ್ಲಿ ನೀರಿನ ಪದರ ಬೇರೆಯಾಯಿತು. ಎಂಟನೇ ದಿನ ಎಣ್ಣೆಗೂ ನೀರಿಗೂ ನಡುವೆ ಸಾಸಿವೆಯಷ್ಟು ಕಪ್ಪು ಚುಕ್ಕೆಗಳು. ಮುಚ್ಚಳ ತೆಗೆದರೆ ಹಳೆಯ ಹಗೇವಿನ ವಾಸನೆ. ಅಷ್ಟರಲ್ಲಿ ಮೂರು ರಾತ್ರಿ ಅದನ್ನು ಹಚ್ಚಿಕೊಂಡಿದ್ದೆ. ಗದ್ದದ ತುಂಬ ಸಣ್ಣ ಗುಳ್ಳೆ ಎದ್ದು ಸಂಕ್ರಾಂತಿಯವರೆಗೂ ಇಳಿಯಲಿಲ್ಲ. ಹಸಿ ತುಳಸಿ, ಹಸಿ ಗುಲಾಬಿ ಎಸಳು, ಹಸಿ ಅರಿಶಿನ, ಜೇನು, ನಿಂಬೆರಸ, ಹಾಲಿನ ಕೆನೆ, ಇವೆಲ್ಲ ನೀರು ಹೊತ್ತು ತರುತ್ತವೆ. ಎಣ್ಣೆಯ ಬಾಟಲಿಗೆ ಯಾವುದೂ ಬೇಡ.

ಗ್ಲಿಸರಿನ್ ಎಣ್ಣೆಯಲ್ಲಿ ಬೆರೆಯುವುದಿಲ್ಲ. ವಿಟಮಿನ್ ಸಿ ಪುಡಿ, ನಯಾಸಿನಮೈಡ್ (ವಿಟಮಿನ್ ಬಿ3ಯ ಒಂದು ರೂಪ) ಕೂಡ ಎಣ್ಣೆಯಲ್ಲಿ ಕರಗುವುದಿಲ್ಲ. ಹಾಕಿದರೆ ತಳದಲ್ಲಿ ಮರಳಿನಂತೆ ಕೂತು, ಹಚ್ಚಿದಾಗ ಚುಚ್ಚುತ್ತವೆ.

ಸುವಾಸನೆಗೆ ಎಸೆನ್ಶಿಯಲ್ ಆಯಿಲ್ ಹಾಕುವುದನ್ನು ನಾನು ಪೂರ್ತಿ ಬಿಟ್ಟಿದ್ದೇನೆ. ಒಡೆದ ಚರ್ಮಕ್ಕೆ ಅದರಿಂದ ಲಾಭವಿಲ್ಲ, ಉರಿ ಮಾತ್ರ. ದಾಲ್ಚಿನ್ನಿ, ಲವಂಗದ ಎಣ್ಣೆ ಮುಖವನ್ನು ಸುಡುತ್ತವೆ. ಹಿಂಡಿ ತೆಗೆದ ನಿಂಬೆ ಎಣ್ಣೆ ಹಚ್ಚಿ ಬಿಸಿಲಿಗೆ ಹೋದರೆ ಕಪ್ಪು ಕಲೆ ಬೀಳುತ್ತದೆ.

ಕ್ಯಾಲೆಂಡುಲಾ ಎಣ್ಣೆ ಚರ್ಮಕ್ಕೆ ಒಳ್ಳೆಯದು ಎಂದು ಕೇಳಿ, ದಸರೆಯಲ್ಲಿ ಉಳಿದ ಚೆಂಡುಹೂವನ್ನು ಎಣ್ಣೆಯಲ್ಲಿ ನೆನೆಹಾಕುವವರಿದ್ದಾರೆ. ಇಂಗ್ಲಿಷಿನಲ್ಲಿ ಎರಡಕ್ಕೂ ಮಾರಿಗೋಲ್ಡ್ ಎನ್ನುತ್ತಾರೆ, ಆದರೆ ಎರಡೂ ಬೇರೆ ಬೇರೆ ಗಿಡ. ಚೆಂಡುಹೂವಿನ ಎಣ್ಣೆ ಬಿಸಿಲಲ್ಲಿ ಚರ್ಮಕ್ಕೆ ಹಾನಿ ಮಾಡಬಲ್ಲದು. ಹಾಗೆಯೇ ಕೇಸರಿ ಹೆಸರಲ್ಲಿ ಅಗ್ಗಕ್ಕೆ ಸಿಗುವ ಕೆಂಪು ಎಸಳು ಎಷ್ಟೋ ಸಲ ಒಣಗಿ ಕೆಂಪಾದ ನಮ್ಮ ಕುಸುಬಿ ಹೂವಿನದೇ. ಅದಕ್ಕೆ ದುಡ್ಡು ಹಾಕಬೇಡಿ.

ಹಚ್ಚುವುದು

ಮುಖಕ್ಕೆ ಹೋಗುವ ಮುಂಚೆ ಮೊಣಕೈ ಒಳಮಡಿಕೆಯಲ್ಲಿ ಎರಡು ಹನಿ, ದಿನಕ್ಕೆ ಎರಡು ಸಲ, ಏಳು ದಿನ. ತುರಿಕೆ, ಕೆಂಪು, ಗುಳ್ಳೆ ಏನೂ ಇಲ್ಲದಿದ್ದರೆ ಮುಂದುವರಿಯಿರಿ. ಎಳ್ಳು ಅಥವಾ ಬಾದಾಮಿ ತಿಂದರೆ ಅಲರ್ಜಿಯಾಗುವವರು ಅದರ ಎಣ್ಣೆಯನ್ನು ಮುಟ್ಟಲೇಬೇಡಿ. ಕೂಸುಗಳಿಗೆ ವೈದ್ಯರನ್ನು ಕೇಳದೆ ಹಚ್ಚಬೇಡಿ.

ಬಚ್ಚಲಿನ ಹಂಡೆಯಿಂದ ಹಬೆಯಾಡುವ ನೀರನ್ನು ನೇರ ಮುಖಕ್ಕೆ ಹಾಕಿಕೊಳ್ಳುವುದು ನಿಲ್ಲಬೇಕು. ಉಗುರುಬೆಚ್ಚಗಿನ ನೀರು ಸಾಕು. ಮೈ ಸಾಬೂನು ಕ್ಷಾರದ್ದು, ಚರ್ಮಕ್ಕೆ ಬೇಕಾದದ್ದು ತುಸು ಆಮ್ಲದ ಗುಣ. ಚಳಿಗಾಲದಲ್ಲಿ ಬೆಳಗ್ಗೆ ಬರೀ ನೀರಲ್ಲಿ ತೊಳೆದರೂ ನಡೆಯುತ್ತದೆ.

ತೊಳೆದ ಮೇಲೆ ಟವೆಲ್‌ನಿಂದ ಉಜ್ಜಬೇಡಿ, ಒತ್ತಿ ತೆಗೆಯಿರಿ. ಮುಖ ಇನ್ನೂ ತೇವ ಇರಬೇಕು. ಮನೆಯಲ್ಲಿ ಗ್ಲಿಸರಿನ್ ಇದ್ದರೆ ಅಂಗೈಯಲ್ಲಿ ಒಂದು ಹನಿಗೆ ಹತ್ತು ಹನಿ ನೀರು ಬೆರೆಸಿ ಮೊದಲು ಸವರಿ. ಅದು ನೀರನ್ನು ಹಿಡಿದಿಡುತ್ತದೆ. ಕೂಡಲೇ ಇನ್ನೊಂದು ಅಂಗೈಗೆ ನಾಲ್ಕು ಹನಿ ಸೀರಮ್ ಹಾಕಿ, ಎರಡೂ ಕೈ ಒಮ್ಮೆ ತಿಕ್ಕಿ, ಕೆನ್ನೆಯ ಮೇಲೆ ಒತ್ತಿ. ಉಜ್ಜುವುದಲ್ಲ, ಒತ್ತುವುದು. ಕೆನ್ನೆ, ಗದ್ದ, ಹಣೆ, ಉಳಿದದ್ದು ಕುತ್ತಿಗೆಗೆ. ಐದು ನಿಮಿಷದ ಮೇಲೆ ಬೆರಳಿಟ್ಟರೆ ಮೆತ್ತಗಿರಬೇಕು, ಜಾರಬಾರದು. ಜಾರಿದರೆ ನಾಳೆ ಒಂದು ಹನಿ ಕಡಿಮೆ. ಡ್ರಾಪರ್‌ನ ತುದಿ ಮುಖಕ್ಕೂ ಒದ್ದೆ ಕೈಗೂ ತಾಗಬಾರದು. ಹಾಗಾಗಿ ಮುಖ ತೊಳೆಯುವ ಮುಂಚೆಯೇ ನಾಲ್ಕು ಹನಿಯನ್ನು ಪುಟ್ಟ ಬಟ್ಟಲಿಗೆ ಬಿಟ್ಟುಕೊಳ್ಳುವುದು ನನ್ನ ರೂಢಿ.

ರಾತ್ರಿ ಒಂದು ಸಲ ಹಚ್ಚಿದರೆ ಸಾಕು, ತೀರಾ ಒಣಗಿದ್ದರೆ ಬೆಳಗ್ಗೆಯೂ. ಹಗಲು ಹೊಲಕ್ಕೆ ಹೋಗುವವರು ಎಣ್ಣೆಯನ್ನು ಬಿಸಿಲಿನ ರಕ್ಷೆ ಎಂದುಕೊಳ್ಳಬೇಡಿ. ಸೆರಗು, ಟೊಪ್ಪಿಗೆ, ಸನ್‌ಸ್ಕ್ರೀನ್ ಬೇಕೇ ಬೇಕು. ತುಟಿ, ಮೂಗಿನ ಅಂಚು ಬಿರಿದಿದ್ದರೆ ಅಲ್ಲಿಗೆ ಸೀರಮ್ ಸಾಲದು. ಪೆಟ್ರೋಲಿಯಂ ಜೆಲ್ಲಿ ಹಚ್ಚಿ. ನೀರು ಆರದಂತೆ ತಡೆಯುವುದರಲ್ಲಿ ಯಾವ ಎಣ್ಣೆಯೂ ಅದಕ್ಕೆ ಸಮವಲ್ಲ.

ಎರಡು ವಾರ ಸರಿಯಾಗಿ ಹಚ್ಚಿದರೂ ಬಿರುಕಿನಿಂದ ರಕ್ತ ಬಂದರೆ, ನೀರು ಒಸರಿದರೆ, ರಾತ್ರಿ ನಿದ್ದೆ ಕೆಡಿಸುವಷ್ಟು ತುರಿಕೆಯಿದ್ದರೆ ವೈದ್ಯರಲ್ಲಿಗೆ ಹೋಗಿ. ಥೈರಾಯ್ಡ್ ಕಡಿಮೆಯಾದರೂ ಚರ್ಮ ಒಣಗುತ್ತದೆ. ಮುಟ್ಟಿದರೆ ಗೊತ್ತಾಗದ ಬಿಳಿ ಮಚ್ಚೆ ಕಂಡರೆ ಎರಡು ವಾರವೂ ಕಾಯಬೇಡಿ.

ಚೆನ್ನಾಗಿ ಬಂದಿತೆಂದು ಜಾತ್ರೆಯಲ್ಲಿ ಇಟ್ಟು ಮಾರುವ ಆಸೆ ಕೆಲವರಿಗೆ ಆಗುತ್ತದೆ. ಮಾರುವುದಕ್ಕೆ 2020ರ ಸೌಂದರ್ಯವರ್ಧಕಗಳ ನಿಯಮದ ಪ್ರಕಾರ ತಯಾರಿಕೆಯ ಲೈಸೆನ್ಸ್ ಬೇಕು. ಅಲ್ಲಿಯವರೆಗೆ ಮನೆ ಬಳಕೆಗಷ್ಟೇ ಇರಲಿ.

ಬಾಟಲಿಯನ್ನು ಒಲೆಯ ಪಕ್ಕ, ಕಿಟಕಿಯ ಬಳಿ ಇಡಬೇಡಿ. ಗೋಡೆಯ ಗೂಡು ಒಳ್ಳೆಯದು, ಫ್ರಿಡ್ಜ್ ಇನ್ನೂ ಒಳ್ಳೆಯದು. ವಾರಕ್ಕೊಮ್ಮೆ ಮುಂಗೈ ಹಿಂಭಾಗಕ್ಕೆ ಒಂದು ಹನಿ ಸವರಿ ಮೂಸಿ ನೋಡಿ. ಹಳೆಯ ಶೇಂಗಾದಂತೆ, ಬಣ್ಣದ ಡಬ್ಬಿಯಂತೆ ಕಮಟು ಬಂದರೆ ಮುಖಕ್ಕೆ ಬೇಡ. ಶಿವರಾತ್ರಿ ಹೊತ್ತಿಗೆ ಥಂಡಿ ಇಳಿಯುತ್ತದೆ. ಆಗ ತಳದಲ್ಲಿ ಉಳಿದದ್ದು ಕಮಟಾಗದಿದ್ದರೆ ಹಿಮ್ಮಡಿಗೆ ಹಚ್ಚಿ ಮುಗಿಸಿ, ಬಾಟಲಿ ತೊಳೆದಿಡಿ. ಅಷ್ಟರಲ್ಲಿ ಹೊಲದಲ್ಲಿ ಹೊಸ ಕುಸುಬಿ ಕೊಯ್ಲಿಗೆ ಬಂದಿರುತ್ತದೆ. ಅದರಿಂದ ಎರಡು ಕಿಲೋ ಕಾಳನ್ನು ಒಣಗಿಸಿ, ಹಿಂಡಿಸದೆ ಹಾಗೇ ಎತ್ತಿಡಿ. ಮುಂದಿನ ಚಳಿಗೆ ಗಾಣಕ್ಕೆ ಒಯ್ಯಬಹುದು.